ಗೈನಕಾಲಜಿಸ್ಟ್ ಆದ ಮೇಲೂ ಮತ್ತೆ 3 ವರ್ಷ ಟ್ರೇನಿಂಗ್ ಯಾಕೆ?

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ದೀರಿ ಅಂದ್ಕೊಳ್ತೀನಿ. ಯಾಕಂದ್ರೆ ಇವತ್ತಿನ ವಿಷಯವನ್ನ ನಮ್ಮ ಮನೆಗಳಲ್ಲಿ ಜೋರಾಗಿ ಮಾತಾಡಲ್ಲ. ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರೋದು. ಗರ್ಭಕೋಶ ಜಾರಿ ಕೆಳಗೆ ಬರೋದು. ಕೇಳಿದ್ರೆ ‘ಮೂರು ಹೆತ್ತ ಮೇಲೆ ಇದೆಲ್ಲ ಇದ್ದಿದ್ದೇ ಬಿಡು’ ಅಂತ ಅಜ್ಜಿ ಎದ್ದು ಹೋಗ್ತಾರೆ. ಬಸ್ಸಿನಲ್ಲಿ ದೂರ ಹೋಗಬೇಕಂದ್ರೆ ಅಮ್ಮ ಬೆಳಗಿನಿಂದ ನೀರೇ ಕುಡಿದಿರಲ್ಲ. ನಮಗೆ ಗೊತ್ತೂ ಆಗಿರಲ್ಲ.

ಈ ತೊಂದರೆಗಳಿಗೇ ಅಂತ ಒಂದು ವೈದ್ಯಕೀಯ ವಿಭಾಗ ಇದೆ, ಯುರೋಗೈನಕಾಲಜಿ. ಅಮೆರಿಕದಲ್ಲಿ ಇದಕ್ಕೆ ‘ಫೀಮೇಲ್ ಪೆಲ್ವಿಕ್ ಮೆಡಿಸಿನ್ ಅಂಡ್ ರೀಕನ್‌ಸ್ಟ್ರಕ್ಟಿವ್ ಸರ್ಜರಿ’ ಅಂತ ಹೆಸರಿತ್ತು. ಇತ್ತೀಚೆಗೆ ‘ಯುರೋಗೈನಕಾಲಜಿ ಅಂಡ್ ರೀಕನ್‌ಸ್ಟ್ರಕ್ಟಿವ್ ಪೆಲ್ವಿಕ್ ಸರ್ಜರಿ’ ಅಂತ ಬದಲಾಯಿಸಿದ್ದಾರೆ. ಹೊಸ ಹೆಸರೂ ಚಿಕ್ಕದೇನಲ್ಲ. ಅಲ್ಲಿ 4 ವರ್ಷ ಮೆಡಿಕಲ್ ಸ್ಕೂಲ್, ಆಮೇಲೆ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದಲ್ಲಿ 4 ವರ್ಷ ರೆಸಿಡೆನ್ಸಿ. ಅಲ್ಲಿಗೆ ಸಿಸೇರಿಯನ್, ಗರ್ಭಕೋಶದ ಸರ್ಜರಿ ಎಲ್ಲ ಮಾಡಬಲ್ಲ ಪೂರ್ಣ ಪ್ರಮಾಣದ ಡಾಕ್ಟರ್ ತಯಾರು. ಯುರೋಗೈನಕಾಲಜಿಸ್ಟ್ ಆಗಬೇಕಂದ್ರೆ ಅದಾದ ಮೇಲೂ 3 ವರ್ಷ ಫೆಲೋಶಿಪ್. ಯುರಾಲಜಿ ಕಡೆಯಿಂದ ಬಂದವರಿಗೆ 2 ವರ್ಷ.

ಅಷ್ಟು ವರ್ಷ ಯಾಕೆ ಬೇಕು? ಕಿಬ್ಬೊಟ್ಟೆಯ ತಳದಲ್ಲಿ ಸ್ನಾಯುಗಳ ಒಂದು ಜೋಳಿಗೆ ಇದೆ ಅಂದ್ಕೊಳ್ಳಿ. ಮುಂದೆ ಮೂತ್ರಕೋಶ, ಮಧ್ಯೆ ಗರ್ಭಕೋಶ, ಹಿಂದೆ ಗುದನಾಳ, ಮೂರಕ್ಕೂ ಅದೇ ಆಸರೆ. ಹೆರಿಗೆಯಲ್ಲಿ ಈ ಜೋಳಿಗೆ ಹಿಗ್ಗುತ್ತೆ, ಕೆಲವೊಮ್ಮೆ ಹರಿಯುತ್ತೆ. ಮೇಲಿರೋ ಅಂಗ ಜಾರುತ್ತೆ. ಆಗ ಗರ್ಭಕೋಶ ತೆಗೆದುಬಿಟ್ರೆ ಮುಗೀತು ಅಂತ ಅನ್ನಿಸುತ್ತೆ, ಅಲ್ವಾ? ಗರ್ಭಕೋಶ ತೆಗೆದ ಮಾತ್ರಕ್ಕೆ ಜೋಳಿಗೆ ಹೊಲಿದ ಹಾಗಾಗಲ್ಲ. ಕೆಲವು ವರ್ಷ ಬಿಟ್ಟು ಯೋನಿಯ ಮೇಲ್ಭಾಗವೇ ಕೆಳಗೆ ಜಾರಬಹುದು.

ಇನ್ನೊಂದು ಫಜೀತಿ ಇದೆ. ಮೂತ್ರಕೋಶ ಜಾರಿದಾಗ ಮೂತ್ರನಾಳ ನೀರಿನ ಪೈಪ್ ಥರ ಮಡಚಿಕೊಂಡಿರುತ್ತೆ, ಹಾಗಾಗಿ ಸೋರಿಕೆ ಕಾಣಲ್ಲ. ಸರ್ಜನ್ ಎಲ್ಲವನ್ನೂ ಎತ್ತಿ ಕಟ್ತಾರೆ, ಪೈಪ್ ನೇರ ಆಗುತ್ತೆ, ಅಲ್ಲಿವರೆಗೂ ಇಲ್ಲದ ಸೋರಿಕೆ ಶುರುವಾಗುತ್ತೆ! ಆಪರೇಷನ್‌ಗೆ ಮೊದಲೇ ಇದನ್ನ ಹುಡುಕಿ, ಹೀಗಾಗಬಹುದು ಅಂತ ಮಹಿಳೆಗೆ ಹೇಳೋದೂ ಫೆಲೋಶಿಪ್‌ನ ಪಾಠವೇ.

ಒಂದು ಲೆಕ್ಕ ಹೇಳ್ತೀನಿ. 1997ರಲ್ಲಿ ಅಮೆರಿಕದ ಓರೆಗಾನ್ ಕಡೆಯಿಂದ ಬಂದ ಅಧ್ಯಯನ ಇದು. 80 ವರ್ಷ ತುಂಬೋದರೊಳಗೆ ಗರ್ಭಕೋಶ ಜಾರಿದ್ದಕ್ಕೋ ಮೂತ್ರ ಸೋರಿಕೆಗೋ ಸರ್ಜರಿ ಆಗೋ ಸಾಧ್ಯತೆ ನೂರರಲ್ಲಿ ಸುಮಾರು 11 ಮಹಿಳೆಯರಿಗೆ. ಅದಕ್ಕಿಂತ ಚುಚ್ಚೋದು ಮುಂದಿನ ಅಂಕಿ. ಆಗ ನಡೆದ ಆಪರೇಷನ್‌ಗಳಲ್ಲಿ ನೂರಕ್ಕೆ ಸುಮಾರು 29 ರಿಪೇರಿಯ ಮೇಲಿನ ರಿಪೇರಿ, ಅಂದ್ರೆ ಮೊದಲೇ ಒಮ್ಮೆ ಸರ್ಜರಿ ಆದವರಿಗೆ ಮತ್ತೆ ಮಾಡಿದ್ದು.

ಹಳೇ ಹೊಲಿಗೆ ನಿಲ್ತಿಲ್ಲ ಅಂದಾಗ ಕಂಪನಿಗಳು ಒಂದು ಪರಿಹಾರ ತಂದವು: ಮೆಶ್. ಪ್ಲಾಸ್ಟಿಕ್ ದಾರದ ಬಲೆ. ಹರ್ನಿಯಾಗೆ ಅದಾಗಲೇ ಬಳಸ್ತಿದ್ರು. 2002ರಲ್ಲಿ ಯೋನಿಯ ಮೂಲಕ ಹಾಕೋ ಮೆಶ್‌ಗೆ ಅಮೆರಿಕದ ಎಫ್‌ಡಿಎ ದಾರಿ ಬಿಡ್ತು. ‘ಮಾರುಕಟ್ಟೆಯಲ್ಲಿ ಈಗಾಗಲೇ ಇರೋ ವಸ್ತುವಿನ ಥರಾನೇ ಇದೆ’ ಅನ್ನೋ ನಿಯಮದಡಿ. ಸೂಜಿ, ಬಲೆ ಎಲ್ಲ ಸೇರಿದ ರೆಡಿಮೇಡ್ ಕಿಟ್‌ಗಳು ಬಂದವು. ಕಂಪನಿಗಳೇ ನಡೆಸಿದ ಸಣ್ಣ ಸಣ್ಣ ತರಬೇತಿ ಮುಗಿಸಿದ ಡಾಕ್ಟರ್‌ಗಳೂ ಹಾಕೋಕೆ ಶುರು ಮಾಡಿದ್ರು. ಆ ಜಾಗ ಕಣ್ಣಿಗೆ ಕಾಣಲ್ಲ, ಸೂಜಿ ಹೋಗೋ ದಾರಿಯ ಪಕ್ಕದಲ್ಲೇ ರಕ್ತನಾಳ, ನರಗಳಿವೆ. ಕೈಗೆ ಅಭ್ಯಾಸ ಇರಬೇಕು.

ಎಷ್ಟೋ ಮಹಿಳೆಯರಿಗೆ ಒಳಗೆ ಬಲೆ ಚರ್ಮ ಕೊರೆದು ಹೊರಬಂತು. ರಕ್ತಸ್ರಾವ, ಕೂರೋಕಾಗದ ನೋವು, ಸಂಗಾತಿ ಜತೆ ಸೇರೋದೇ ಹಿಂಸೆ. ಎಫ್‌ಡಿಎ 2008ರಲ್ಲಿ ಎಚ್ಚರಿಸಿತು. 2011ರ ಜುಲೈನಲ್ಲಿ ‘ಗಂಭೀರ ತೊಂದರೆಗಳು ಅಪರೂಪವೇನಲ್ಲ’ ಅಂತ ಒಪ್ಪಿಕೊಂಡಿತು. ಗರ್ಭಕೋಶ, ಮೂತ್ರಕೋಶ ಜಾರಿದ್ದಕ್ಕೆ ಯೋನಿಯ ಮೂಲಕ ಹಾಕೋ ಮೆಶ್ ಮಾರಾಟವನ್ನ ಪೂರ್ತಿ ನಿಲ್ಲಿಸಿದ್ದು 2019ರ ಏಪ್ರಿಲ್‌ನಲ್ಲಿ. 17 ವರ್ಷ ನೋಡಿ.

ಫೆಲೋಶಿಪ್ ಕತೆ ಇಲ್ಲಿಗೇ ಬಂದು ಸೇರುತ್ತೆ. ಅದೇ 2011ರಲ್ಲೇ ಅಮೆರಿಕದ ವೈದ್ಯಕೀಯ ಮಂಡಳಿ ಈ ವಿಭಾಗವನ್ನ ಪ್ರತ್ಯೇಕ ಉಪವಿಶೇಷತೆ ಅಂತ ಮಾನ್ಯ ಮಾಡಿತು. 2013ರಲ್ಲಿ ಮೊದಲ ಪರೀಕ್ಷೆ ನಡೆಯಿತು. ಅಂದ್ರೆ ಕಿಟ್ ಬಂದು ಹತ್ತು ವರ್ಷ ಆದ ಮೇಲೆ ‘ಇದನ್ನ ಕಲಿತವರು ಯಾರು’ ಅನ್ನೋದಕ್ಕೆ ಒಂದು ಸರ್ಟಿಫಿಕೇಟ್ ಬಂತು. ಸಾಧನ ಮೊದಲು, ತರಬೇತಿ ಆಮೇಲೆ. ನನ್ನ ಪ್ರಕಾರ ದೊಡ್ಡ ಎಡವಟ್ಟು ಆಗಿದ್ದೇ ಇಲ್ಲಿ.

ಒಂದು ಮಾತು ಸ್ಪಷ್ಟ ಮಾಡಬೇಕು. ಮೆಶ್ ಅಂದ ತಕ್ಷಣ ಎಲ್ಲವೂ ವಿಷ ಅಲ್ಲ. ಕೆಮ್ಮಿದಾಗ ಸೋರೋದಕ್ಕೆ ಮೂತ್ರನಾಳದ ಕೆಳಗೆ ಇಡೋ ಸಣ್ಣ ಪಟ್ಟಿ, ಅಂದ್ರೆ ಸ್ಲಿಂಗ್, ಮತ್ತೆ ಹೊಟ್ಟೆಯ ಕಡೆಯಿಂದ ಹಾಕೋ ಮೆಶ್ ಆ ಆದೇಶಕ್ಕೆ ಬರಲ್ಲ. ಬ್ರಿಟನ್ ಮಾತ್ರ 2018ರಲ್ಲಿ ಸ್ಲಿಂಗ್ ಸೇರಿಸಿ ತಡೆ ಹಾಕಿತು. ವಾಟ್ಸ್‌ಆ್ಯಪ್ ಫಾರ್ವರ್ಡ್‌ನಲ್ಲಿ ಈ ವ್ಯತ್ಯಾಸ ಸಿಗಲ್ಲ.

ಹಾಗಾದ್ರೆ ಆ 3 ವರ್ಷ ಏನು ಕಲೀತಾರೆ? ರೋಬೋಟ್, ಲ್ಯಾಪ್ರೋಸ್ಕೋಪಿ ಎಲ್ಲ ಇದೆ, ಒಂದು ಸಂಶೋಧನೆಯನ್ನೂ ಮಾಡಬೇಕು. ನನಗೆ ಇಷ್ಟ ಆಗಿದ್ದು ಕತ್ತರಿ ಹಿಡಿಯದೇ ಇರೋದನ್ನ ಕಲಿಸೋ ಭಾಗ. ಸಿಲಿಕಾನ್ ಉಂಗುರ ಒಂದಿದೆ, ಪೆಸರಿ ಅಂತಾರೆ. ಸರಿಯಾದ ಅಳತೆಯದ್ದು ಇಟ್ರೆ ಜಾರಿದ ಅಂಗ ಒಳಗೆ ನಿಲ್ಲುತ್ತೆ, ಆಪರೇಷನ್ನೇ ಬೇಡ ಆಗಬಹುದು. ಆ ಅಳತೆ ಹಿಡಿಯೋಕೂ ತಾಳ್ಮೆ ಬೇಕು. ಆಮೇಲೆ ವ್ಯಾಯಾಮ. ಕೆಗೆಲ್ ಅಂತ ರೀಲ್ಸ್‌ನಲ್ಲಿ ನೋಡಿರ್ತೀರಿ. ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೆಗೆಲ್ 1948ರಲ್ಲೇ ಇದನ್ನ ಬರೆದಿಟ್ಟಿದ್ದಾರೆ.

ಸೋರಿಕೆಯಲ್ಲೂ ಎರಡು ಥರ. ಕೆಮ್ಮಿದಾಗ ಸೋರೋದು ಬೇರೆ, ‘ಅರ್ಜೆಂಟ್’ ಅಂತ ಓಡೋದರೊಳಗೆ ಆಗಿಬಿಡೋದು ಬೇರೆ. ಮೊದಲನೆಯದಕ್ಕೆ ಸ್ಲಿಂಗ್ ಆಗುತ್ತೆ. ಎರಡನೆಯದಕ್ಕೆ ಮೂತ್ರಕೋಶದ ತರಬೇತಿ, ಮಾತ್ರೆ, ಬೋಟಾಕ್ಸ್ ಇವೆ. ಹೌದು, ಮುಖಕ್ಕೆ ಹಾಕೋ ಅದೇ ಬೋಟಾಕ್ಸ್. ಅದಲು ಬದಲಾದ್ರೆ ಮಹಿಳೆಯ ಕಷ್ಟ ಹೆಚ್ಚೇ ಆಗಬಹುದು.

ಕಲಿಯೋದು ಯಾರ ಮೈಮೇಲೆ ಅನ್ನೋ ಪ್ರಶ್ನೆಯೂ ಇದೆ. 1840ರ ದಶಕದಲ್ಲಿ ಅಲಬಾಮಾದಲ್ಲಿ ಮ್ಯಾರಿಯನ್ ಸಿಮ್ಸ್ ಅನ್ನೋ ಸರ್ಜನ್ ಅನಾರ್ಕಾ, ಲೂಸಿ, ಬೆಟ್ಸಿ ಎಂಬ ಗುಲಾಮ ಮಹಿಳೆಯರ ಮೇಲೆ, ಅರಿವಳಿಕೆ ಇಲ್ಲದೆ, ಮತ್ತೆ ಮತ್ತೆ ಆಪರೇಷನ್ ಮಾಡಿ ಫಿಸ್ಟುಲಾ ಹೊಲಿಯೋದನ್ನ ಕಲಿತ. ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿದ್ದ ಅವನ ಪ್ರತಿಮೆ ತೆಗೆದದ್ದು 2018ರಲ್ಲಿ. ಹಳೇ ಕತೆ ಅನ್ಬೇಡಿ. ಪ್ರಜ್ಞೆ ತಪ್ಪಿಸಿದ ಮಹಿಳೆಯ ಮೇಲೆ ವಿದ್ಯಾರ್ಥಿಗಳು ಒಳಪರೀಕ್ಷೆ ಕಲಿಯೋ ಮೊದಲು ಲಿಖಿತ ಒಪ್ಪಿಗೆ ಬೇಕೇ ಬೇಕು ಅಂತ ಅಮೆರಿಕ ಸರ್ಕಾರ ಆಸ್ಪತ್ರೆಗಳಿಗೆ ಸ್ಪಷ್ಟವಾಗಿ ಹೇಳಿದ್ದು 2024ರ ಏಪ್ರಿಲ್‌ನಲ್ಲಿ.

ನಮ್ಮ ದೇಶದಲ್ಲಿ? ಮುಂಬೈಯ ಡಾ. ವಿ.ಎನ್. ಶಿರೋಡ್ಕರ್ ಹೆಸರನ್ನ ಗರ್ಭಿಣಿಯರಿಗೆ ಹಾಕೋ ‘ಶಿರೋಡ್ಕರ್ ಹೊಲಿಗೆ’ಯಿಂದ ಕೇಳಿರ್ತೀರಿ. ಗರ್ಭಕೋಶ ತೆಗೆಯದೆ ಮೇಲಕ್ಕೆ ಎತ್ತಿ ಕಟ್ಟೋ ಸರ್ಜರಿಯನ್ನೂ ಅವರು ರೂಪಿಸಿದ್ರು. ಈಗ ಕೆಲವು ದೊಡ್ಡ ಆಸ್ಪತ್ರೆಗಳು ಯುರೋಗೈನಕಾಲಜಿ ಫೆಲೋಶಿಪ್ ಕೊಡ್ತವೆ, ಆದ್ರೆ ಅವಧಿ ಎಲ್ಲ ಕಡೆ ಒಂದೇ ಅಲ್ಲ. ಹಾಗಾಗಿ ಬೋರ್ಡ್ ಮೇಲಿನ ‘ಫೆಲೋಶಿಪ್’ ಪದ ಓದಿ ಸುಮ್ಮನಾಗಬೇಡಿ. ಎಷ್ಟು ತಿಂಗಳದ್ದು ಅಂತ ಕೇಳಿ. ಈ ಸರ್ಜರಿ ವರ್ಷಕ್ಕೆ ಎಷ್ಟು ಮಾಡ್ತೀರಿ, ಮೆಶ್ ಹಾಕ್ತೀರಾ, ಯಾವ ದಾರಿಯಿಂದ, ಪೆಸರಿ ನೋಡಬಹುದಾ, ಗರ್ಭಕೋಶ ಯಾಕೆ ತೆಗೀಬೇಕು ಅಂತಾನೂ ಕೇಳಿ. ಬೇಸರ ಮಾಡ್ಕೊಳ್ಳೋ ಡಾಕ್ಟರ್ ಆದ್ರೆ ಇನ್ನೊಬ್ಬರನ್ನ ನೋಡೋಕೆ ಟೈಮ್ ಇದೆ, ಇದು ಸಾಮಾನ್ಯವಾಗಿ ಎಮರ್ಜೆನ್ಸಿ ಅಲ್ಲ.

ಈ ಎಪಿಸೋಡನ್ನ ಅಮ್ಮನಿಗೆ ನೇರವಾಗಿ ಕಳಿಸೋಕೆ ಮುಜುಗರ ಆದ್ರೆ ಚಿಕ್ಕಮ್ಮನಿಗೆ ಕಳಿಸಿ, ಅವರು ತಲುಪಿಸ್ತಾರೆ. ಮುಂದಿನ ವಾರ ಸಿಗೋಣ.