ಕಾಲೇಜಿಗೆ ಸೇರುವ ಮುನ್ನ ಒಂದು ಲೆಕ್ಕ



ಪರದೆಯ ಮೇಲೆ ಕುಳಿತು ಅಂಕಿಗಳನ್ನು ಹೇಳುವುದು ಕಷ್ಟ. ಹೇಳಿದ ಅಂಕಿ ಕೇಳಿದವರ ಕಿವಿಯಲ್ಲಿ ಒಂದು ನಿಮಿಷ ನಿಂತು ಆಮೇಲೆ ಹಾರಿಹೋಗುತ್ತದೆ. ಆದ್ದರಿಂದ ನನ್ನ ಭಾಷಣವನ್ನು ಈ ಪುಟಗಳಲ್ಲಿ ಬರಹದ ರೂಪದಲ್ಲಿ ಕೊಡುತ್ತಿದ್ದೇನೆ. ಒಂದು ಪೆನ್ಸಿಲು, ಒಂದು ಹಾಳೆ ಹತ್ತಿರ ಇಟ್ಟುಕೊಂಡು ಓದಿ. ವಿಷಯ ಮೂರು ಭಾಗದ್ದು: ಒಂದು ಪದವಿಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ, ಆ ಹಣಕ್ಕೆ ನೆರವು ಎಲ್ಲಿಂದ ಸಿಗುತ್ತದೆ, ಮತ್ತು ಹಣ ಕಟ್ಟುವ ಮೊದಲು ಕಾಲೇಜನ್ನು ಏನೇನು ಕೇಳುವ ಹಕ್ಕು ನಿಮಗಿದೆ.

ನನ್ನ ಊರು ಬಾಗಲಕೋಟೆ ಜಿಲ್ಲೆಯ ಗುಡೂರು. ಒಂದು ಕಡೆ ಇಳಕಲ್, ಇನ್ನೊಂದು ಕಡೆ ಬಾದಾಮಿ. ನಮ್ಮ ಓಣಿಯಲ್ಲಿ ಬೆಳಗಾಗುತ್ತಿದ್ದುದು ಮಗ್ಗದ ಸದ್ದಿನಿಂದ. ನನ್ನ ಅಪ್ಪ ನೇಕಾರ. ಹೊಸ ಹಾಸು ಹೂಡುವ ಮೊದಲು ಅಪ್ಪ ಗೋಡೆಯ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಬರೆಯುತ್ತಿದ್ದ. ನೂಲಿಗೆ ಇಷ್ಟು, ರೇಷ್ಮೆಗೆ ಇಷ್ಟು, ಬಣ್ಣಕ್ಕೆ ಇಷ್ಟು, ಅವ್ವ ಕಂಡಿಕೆ ಸುತ್ತುವ ದಿನಗಳು ಇಷ್ಟು. ಸೆರಗು, ದಡಿ, ಒಡಲು ಮೂರರ ಖರ್ಚೂ ಕೂಡದೆ ಅವನು ಸೀರೆಗೆ ಬೆಲೆ ಹೇಳಿದ್ದನ್ನು ನಾನು ನೋಡಿಲ್ಲ.

1998ರಲ್ಲಿ ನಾನು ಪಿ.ಯು.ಸಿ. ವಿಜ್ಞಾನ ಮುಗಿಸಿದೆ. ಸಿ.ಇ.ಟಿ.ಯಲ್ಲಿ ಬಂದ ರ‍್ಯಾಂಕಿಗೆ ಫ್ರೀ ಸೀಟು ಸಿಗಲಿಲ್ಲ. ದೂರದ ಊರಿನ ಒಂದು ಖಾಸಗಿ ಕಾಲೇಜಿನ ತಾಂತ್ರಿಕ ಕೋರ್ಸಿನಲ್ಲಿ ಸೀಟು ಇದೆಯೆಂದು ಯಾರೋ ಹೇಳಿ, ಅದರ ಕರಪತ್ರ ತಂದುಕೊಟ್ಟರು. ವರ್ಷಕ್ಕೆ 12,000 ರೂಪಾಯಿ ಎಂದು ಅದರಲ್ಲಿ ಅಚ್ಚಾಗಿತ್ತು. ಅವ್ವನ ಬೋರಮಾಳ ಒತ್ತೆಯಿಟ್ಟು ಹಣ ಕಟ್ಟಿದೆವು. ಎರಡನೆಯ ವಾರ ಇನ್ನೊಂದು ಪಟ್ಟಿ ಕೈಗೆ ಬಂತು. ಹಾಸ್ಟೆಲ್ ಠೇವಣಿ, ಪ್ರಯೋಗಾಲಯದ ಶುಲ್ಕ, ಗ್ರಂಥಾಲಯದ ಠೇವಣಿ, ಸಮವಸ್ತ್ರ, ಅಭಿವೃದ್ಧಿ ನಿಧಿ. ಎಲ್ಲ ಕೂಡಿದರೆ ಕಟ್ಟಿದಷ್ಟೇ ಹಣ ಮತ್ತೊಮ್ಮೆ ಬೇಕಿತ್ತು. ನಮ್ಮಲ್ಲಿ ಇರಲಿಲ್ಲ. ಬಿಡುತ್ತೇವೆ ಎಂದರೆ ಕಟ್ಟಿದ ಹಣ ಮರಳಿ ಕೊಡುವುದಿಲ್ಲ ಎಂದರು. ನನ್ನ ಮೂಲ ಅಂಕಪಟ್ಟಿಯನ್ನೂ ಇಟ್ಟುಕೊಂಡರು. ಅಪ್ಪ ಮೂರು ಸಲ ಹೋಗಿಬಂದ. ಮೂರನೆಯ ಸಲ ಇನ್ನೂ 2,000 ರೂಪಾಯಿ ಕಟ್ಟಿಸಿಕೊಂಡು ಅಂಕಪಟ್ಟಿ ಕೊಟ್ಟರು. ಬೋರಮಾಳ ಮನೆಗೆ ಬರಲೇ ಇಲ್ಲ. ಬಸ್ ನಿಲ್ದಾಣದಲ್ಲಿ ಅಪ್ಪ ಹೇಳಿದ ಮಾತು ಇಂದಿಗೂ ನೆನಪಿದೆ: “ಒಂದ ಸೀರಿಗಿ ಇಷ್ಟ ಲೆಕ್ಕಾ ಹಾಕಾಂವ ನಾ, ನಿನ್ನ ಸಾಲಿಗಿ ಯಾಕ ಹಾಕಲಿಲ್ಲೊ ತಮ್ಮಾ?”

ಒಂದು ವರ್ಷ ಕಳೆದುಕೊಂಡು, 1999ರಲ್ಲಿ ನಮ್ಮ ಜಿಲ್ಲೆಯಲ್ಲೇ ಬಿ.ಎಸ್ಸಿ. ಸೇರಿದೆ. ವಿಜ್ಞಾನ ಓದಿದ್ದಕ್ಕೆ ನನಗೆ ವಿಷಾದವಿಲ್ಲ. ಆದರೆ ಅಪ್ಪನ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಈ ಭಾಷಣವೇ ಆ ಉತ್ತರವೆಂದು ತಿಳಿಯಿರಿ.

ಮೊದಲು ಸ್ವಲ್ಪ ಇತಿಹಾಸ. ಕಾಲೇಜಿನ ಶುಲ್ಕದ ಬಗ್ಗೆ ದೇಶವೇ ಚರ್ಚಿಸಿದ ಮೊಕದ್ದಮೆಗಳಲ್ಲಿ ಮುಖ್ಯವಾದ ಕೆಲವು ಹುಟ್ಟಿದ್ದು ನಮ್ಮ ರಾಜ್ಯದಲ್ಲಿ. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾನೂನನ್ನು ಕರ್ನಾಟಕ 1984ರಲ್ಲೇ ಮಾಡಿತು. 1989ರ ಸರ್ಕಾರಿ ಅಧಿಸೂಚನೆಯ ಪ್ರಕಾರ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಎಂದಿತ್ತು. ಮೀರತ್ತಿನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಇದನ್ನು ಪ್ರಶ್ನಿಸಿದರು. 1992ರಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥ ವಸೂಲಿ ಸಲ್ಲದೆಂದು ತೀರ್ಪು ಕೊಟ್ಟಿತು. 1993ರ ಉನ್ನಿಕೃಷ್ಣನ್ ತೀರ್ಪು ‘ಫ್ರೀ ಸೀಟು’, ‘ಪೇಮೆಂಟ್ ಸೀಟು’ಗಳ ಪದ್ಧತಿಯನ್ನು ತಂದಿತು. 1994ರಲ್ಲಿ ನಮ್ಮ ಸಿ.ಇ.ಟಿ. ಆರಂಭವಾಯಿತು. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ಪದ್ಧತಿಯನ್ನು ಬದಲಿಸಿ, ಖಾಸಗಿ ಸಂಸ್ಥೆಗಳಿಗೆ ಶುಲ್ಕ ಗೊತ್ತುಮಾಡುವ ಸ್ವಾತಂತ್ರ್ಯ ಕೊಟ್ಟಿತು. ಲಾಭಕೋರತನ ಮತ್ತು ಕ್ಯಾಪಿಟೇಶನ್ ಕೂಡದೆಂದೂ ಹೇಳಿತು. ಇದರ ಫಲವಾಗಿ ಇಂದು ಒಂದೇ ಬೆಂಚಿನ ಮೇಲೆ ಕುಳಿತ ಮೂವರು ಮೂರು ಬಗೆಯ ಶುಲ್ಕ ಕೊಟ್ಟಿರಬಹುದು: ಒಬ್ಬರು ಸರ್ಕಾರಿ ಕೋಟಾದಲ್ಲಿ, ಒಬ್ಬರು ಕಾಮೆಡ್‌ಕೆಯಲ್ಲಿ, ಒಬ್ಬರು ಆಡಳಿತ ಮಂಡಳಿಯ ಕೋಟಾದಲ್ಲಿ. ಆದ್ದರಿಂದ “ಆ ಕಾಲೇಜಿನ ಫೀಸು ಎಷ್ಟು?” ಎಂಬ ಪ್ರಶ್ನೆ ಅರ್ಧ ಪ್ರಶ್ನೆ. “ನನ್ನ ಸೀಟಿಗೆ ಎಷ್ಟು?” ಎಂದು ಕೇಳಬೇಕು.

ಈಗ ಪೆನ್ಸಿಲು ಹಿಡಿಯಿರಿ. ಇದು ಉದಾಹರಣೆಗಾಗಿ ನಾನು ಹಾಕಿದ ಲೆಕ್ಕ. ಯಾವ ಕಾಲೇಜಿನದೂ ಅಲ್ಲ. ದೂರದ ಊರಿನ ಒಂದು ಕಾಲೇಜು: ಬೋಧನಾ ಶುಲ್ಕ 40,000, ಪರೀಕ್ಷೆ ಮತ್ತು ವಿಶ್ವವಿದ್ಯಾಲಯದ ಶುಲ್ಕ 5,000, ವಸತಿ ಮತ್ತು ಊಟ 50,000, ಪುಸ್ತಕ ಮತ್ತು ಸಾಮಗ್ರಿ 8,000, ಪ್ರಯಾಣ ಮತ್ತು ಬಟ್ಟೆ 7,000. ಕೂಡಿದರೆ 1,10,000 ರೂಪಾಯಿ. ಕರಪತ್ರದಲ್ಲಿ ಕಾಣುವುದು ಮೊದಲಿನ 40,000 ಮಾತ್ರ. ಈಗ ಹತ್ತಿರದ ಊರಿನ ಇನ್ನೊಂದು ಕಾಲೇಜು: ಬೋಧನಾ ಶುಲ್ಕ 60,000, ಪರೀಕ್ಷೆಗೆ 5,000, ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರುವುದಕ್ಕೆ ಮತ್ತು ಮಧ್ಯಾಹ್ನದ ಊಟಕ್ಕೆ 12,000, ಪುಸ್ತಕಕ್ಕೆ 8,000. ಒಟ್ಟು 85,000. ದುಬಾರಿ ಎನಿಸಿದ ಕಾಲೇಜು ವರ್ಷಕ್ಕೆ 25,000 ರೂಪಾಯಿ ಅಗ್ಗವಾಯಿತು! ವಿದ್ಯಾರ್ಥಿನಿಯಾಗಿದ್ದರೆ ಬಸ್ಸಿನ ಖರ್ಚೂ ಉಳಿಯುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಗಿದೆ.

ಈ ಒಟ್ಟು ಮೊತ್ತದಿಂದ ನಿಮಗೆ ಸಿಗುವ ವಿದ್ಯಾರ್ಥಿವೇತನವನ್ನು ಕಳೆಯಿರಿ. ಉಳಿಯುವುದು ನಿವ್ವಳ ಖರ್ಚು. ಅದನ್ನು ಕೋರ್ಸಿನ ವರ್ಷಗಳಿಂದ ಗುಣಿಸಿ. ಎರಡು ಕಾಲೇಜುಗಳನ್ನು ತೂಗಬೇಕಾದದ್ದು ಈ ಅಂಕಿಯಿಂದ. ಅಮೆರಿಕದಲ್ಲಿ ಕಾಲೇಜುಗಳೇ ಇಂಥ ಲೆಕ್ಕದ ಸಾಧನವನ್ನು ಒದಗಿಸಬೇಕೆಂದು 2008ರಲ್ಲಿ ಕಾನೂನಾಯಿತು. 2011ರಿಂದ ಅದು ಜಾರಿಯಲ್ಲಿದೆ. ನಮ್ಮಲ್ಲಿ ಆ ಸಾಧನ ನಿಮ್ಮ ಕೈಯ ಪೆನ್ಸಿಲು.

ನೆರವು ಪಡೆದು ಓದುವುದು ಸಣ್ಣತನವೆಂದು ಕೆಲವರು ಹಿಂಜರಿಯುತ್ತಾರೆ. ಹಾಗೆ ತಿಳಿಯಬೇಡಿ. ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಟ್ಟು ಓದಿದರು. ಪುಣೆಯ ವಿಜ್ಞಾನ ಕಾಲೇಜಿಗೆ ಹೋದದ್ದು ಮೈಸೂರು ಸರ್ಕಾರದ ನೆರವಿನಿಂದ. ನಮ್ಮ ಸೀಮೆಯಲ್ಲಿ ಸಿರಸಂಗಿ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯೆಗಾಗಿ ಬಿಟ್ಟು 1906ರಲ್ಲಿ ತೀರಿಕೊಂಡರು. ಡಾ. ಅಂಬೇಡ್ಕರರು 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ. ಮರಳಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುವುದಾಗಿ ಅವರು ಕರಾರಿಗೆ ಸಹಿ ಹಾಕಿದ್ದರು. ಇಲ್ಲಿ ಇನ್ನೊಂದು ಪಾಠವೂ ಇದೆ: ಪ್ರತಿಯೊಂದು ನೆರವಿಗೂ ಷರತ್ತು ಇರುತ್ತದೆ, ಅದನ್ನು ಓದಿಯೇ ಸಹಿ ಹಾಕಬೇಕು.

ಇಂದು ಕರ್ನಾಟಕದಲ್ಲಿ ಬಹುಪಾಲು ಸರ್ಕಾರಿ ವಿದ್ಯಾರ್ಥಿವೇತನಗಳಿಗೆ ಒಂದೇ ಬಾಗಿಲು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್.ಎಸ್.ಪಿ. ಪರಿಶಿಷ್ಟ ಜಾತಿ, ಪಂಗಡಗಳ ಮೆಟ್ರಿಕ್ ನಂತರದ ವೇತನ, ಹಿಂದುಳಿದ ವರ್ಗಗಳ ಶುಲ್ಕ ವಿನಾಯಿತಿ ಇಲ್ಲಿವೆ. ಹಾಸ್ಟೆಲ್ ಸಿಗದವರ ಊಟ, ವಸತಿಗೆಂದು ವಿದ್ಯಾಸಿರಿ ಇದೆ; 2013-14ರಲ್ಲಿ ಆರಂಭವಾದಾಗ ಅದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ ಇತ್ತು. 2021ರಲ್ಲಿ ರೈತರ ಮಕ್ಕಳಿಗೆಂದು ಆರಂಭವಾದ ವಿದ್ಯಾನಿಧಿಯನ್ನು ಮರುವರ್ಷ ನೇಕಾರರ ಮಕ್ಕಳಿಗೂ ವಿಸ್ತರಿಸಲಾಯಿತು. ಗುಡೂರು, ಇಳಕಲ್, ಗುಳೇದಗುಡ್ಡದ ಮಕ್ಕಳು ಇದನ್ನು ಗಮನಿಸಬೇಕು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಸ್.ಎನ್.ಕ್ಯೂ. ಎಂಬ ಸೀಟುಗಳಿವೆ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದು, ರ‍್ಯಾಂಕಿನ ಮೇಲೆ ಈ ಸೀಟು ಸಿಕ್ಕಿದರೆ ಬೋಧನಾ ಶುಲ್ಕ ಮನ್ನಾ. ಕೇಂದ್ರ ಸರ್ಕಾರದ ವೇತನಗಳಿಗೆ ಬೇರೆಯೇ ರಾಷ್ಟ್ರೀಯ ಪೋರ್ಟಲ್ ಇದೆ. ಯೋಜನೆಗಳ ಮೊತ್ತ, ಮಿತಿಗಳನ್ನು ಸರ್ಕಾರ ಆಗಾಗ ಬದಲಿಸುತ್ತದೆ. ಆದ್ದರಿಂದ ಆಯಾ ವರ್ಷದ ಆದೇಶವನ್ನೇ ನೋಡಿ.

ಅರ್ಜಿಗಳು ಹೆಚ್ಚಾಗಿ ನಿಲ್ಲುವುದು ಅಂಕಗಳ ಕೊರತೆಯಿಂದಲ್ಲ, ಕಾಗದದ ಕೊರತೆಯಿಂದ. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಪಡೆದು, ಅದರ ಮೇಲಿನ ಆರ್.ಡಿ. ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಹೆಸರಿನ ಅಕ್ಷರಗಳು ಆಧಾರ್, ಅಂಕಪಟ್ಟಿ, ಬ್ಯಾಂಕ್ ಪುಸ್ತಕ ಮೂರರಲ್ಲೂ ಒಂದೇ ಆಗಿರಲಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಲಿ. ಇದನ್ನೆಲ್ಲ ಫಲಿತಾಂಶ ಬರುವ ಮೊದಲೇ, ಬೇಸಿಗೆ ರಜೆಯಲ್ಲಿ ಮುಗಿಸಿ.

ಇನ್ನು ಸಾಲ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಸಾಲ ತೆಗೆದಿರಿ, ಬಡ್ಡಿ ಶೇಕಡಾ 10 ಎಂದುಕೊಳ್ಳಿ. ಓದುವಾಗ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟುವುದಿಲ್ಲ. ಆದರೆ ಸರಳ ಬಡ್ಡಿ ಬೆಳೆಯುತ್ತದೆ. ಮೊದಲ ಲಕ್ಷಕ್ಕೆ ಐದು ವರ್ಷದ 50,000, ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ನಾಲ್ಕನೆಯದಕ್ಕೆ 20,000. ಒಟ್ಟು 1,40,000. ಅಂದರೆ ಕಂತು ಆರಂಭವಾಗುವ ದಿನ ನಿಮ್ಮ ಸಾಲ 5,40,000. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 7,136 ರೂಪಾಯಿ ಬೇಕು. ಒಟ್ಟು ಕಟ್ಟುವುದು ಸುಮಾರು 8,56,000. ತೆಗೆದದ್ದು 4 ಲಕ್ಷ!

ಹೆದರಿಸಲು ಹೇಳುತ್ತಿಲ್ಲ. ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದರೆ, ಮಾನ್ಯತೆ ಪಡೆದ ಸಂಸ್ಥೆಗಳ ವೃತ್ತಿಪರ ಮತ್ತು ತಾಂತ್ರಿಕ ಕೋರ್ಸುಗಳಿಗೆ ಓದಿನ ಅವಧಿ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ 2009ರಿಂದ ಇದೆ. ಅದು ದೊರೆತರೆ ಮೇಲಿನ 1,40,000 ಅಳಿಸಿಹೋಗುತ್ತದೆ. ಕಂತು ಸುಮಾರು 5,286 ಆಗುತ್ತದೆ, ಒಟ್ಟು ಸುಮಾರು 6,34,000. ಬ್ಯಾಂಕಿನಲ್ಲಿ ಸಾಲ ತೆಗೆಯುವಾಗ ಆದಾಯ ಪ್ರಮಾಣಪತ್ರ ಕೊಟ್ಟು ಈ ಯೋಜನೆಯನ್ನು ಕೇಳುವ ಒಂದು ಮಾತಿನ ಬೆಲೆ ಹೀಗೆ 2 ಲಕ್ಷಕ್ಕೂ ಹೆಚ್ಚು. 2024ರಲ್ಲಿ ಬಂದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಸಂಸ್ಥೆಗಳಿಗೆ ಸೇರಿದವರ ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ, ಬಡ್ಡಿಯಲ್ಲಿ ಶೇಕಡಾ 3ರ ರಿಯಾಯಿತಿ ಇದೆ.

ಕೊನೆಯದಾಗಿ ನಿಮ್ಮ ಹಕ್ಕುಗಳು. ಪ್ರವೇಶ ಆರಂಭವಾಗುವ ಕನಿಷ್ಠ 60 ದಿನ ಮೊದಲು ಸಂಸ್ಥೆ ತನ್ನ ಪ್ರಾಸ್ಪೆಕ್ಟಸ್ ಪ್ರಕಟಿಸಬೇಕು, ಅದರಲ್ಲಿ ಶುಲ್ಕದ ಪ್ರತಿಯೊಂದು ಭಾಗ, ಠೇವಣಿ, ಇತರ ವಸೂಲಿ ಎಲ್ಲವೂ ಇರಬೇಕು ಎಂದು ಯು.ಜಿ.ಸಿ.ಯ 2023ರ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಗಳು ಹೇಳುತ್ತವೆ. ನನ್ನ ಎರಡನೆಯ ಪಟ್ಟಿ ಇಂದು ಬರುವಂತಿಲ್ಲ. ದೂರು ಮೊದಲು ಕಾಲೇಜಿನ ಸಮಿತಿಗೆ, ಅಲ್ಲಿ ಆಗದಿದ್ದರೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ. ಗ್ರಾಹಕ ನ್ಯಾಯಾಲಯವನ್ನೇ ನಂಬಿ ಕೂರಬೇಡಿ. ಶಿಕ್ಷಣ ಸಂಸ್ಥೆ ಗ್ರಾಹಕ ಕಾನೂನಿನ ಅರ್ಥದಲ್ಲಿ ‘ಸೇವೆ’ ಮಾರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2010ರ ಒಂದು ಪ್ರಕರಣದಲ್ಲಿ ಹೇಳಿದೆ.

ಸೀಟು ಬಿಟ್ಟರೆ ಹಣ ಮರಳಿಸಬೇಕೆಂದು ಯು.ಜಿ.ಸಿ. 2018ರಲ್ಲಿ ಗೊತ್ತುಮಾಡಿದ ಪ್ರಮಾಣ ಹೀಗಿದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಹೆಚ್ಚು ಮೊದಲೇ ತಿಳಿಸಿದರೆ ಶೇಕಡಾ 100, ಇದರಲ್ಲಿ ಸಣ್ಣ ನಿರ್ವಹಣಾ ಶುಲ್ಕ ಮಾತ್ರ ಕಡಿತ. 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಶೇಕಡಾ 90. ಕೊನೆಯ ದಿನ ಕಳೆದು 15 ದಿನದೊಳಗೆ ಶೇಕಡಾ 80, 30 ದಿನದೊಳಗೆ ಶೇಕಡಾ 50. ಆಮೇಲೆ ಏನೂ ಇಲ್ಲ. ಕೆಲವು ವರ್ಷ ಇದಕ್ಕಿಂತ ಉದಾರವಾದ ಆದೇಶಗಳೂ ಬಂದಿವೆ. ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ಮರಳಿ ಕೊಡಬೇಕೇ ಹೊರತು ಇಟ್ಟುಕೊಳ್ಳುವಂತಿಲ್ಲವೆಂದೂ ಅದೇ ಅಧಿಸೂಚನೆ ಹೇಳುತ್ತದೆ. ನೀವು ಬಿಡುವ ವಿಷಯವನ್ನು ಬಾಯಿಮಾತಿನಲ್ಲಿ ಹೇಳಬೇಡಿ, ದಿನಾಂಕ ಹಾಕಿ ಬರೆದುಕೊಡಿ.

ಜಾಹೀರಾತಿನ ಅಂಕಿಗಳಿಗೂ ಒಂದು ಪರೀಕ್ಷೆ ಇದೆ. “ಶೇಕಡಾ 100 ಉದ್ಯೋಗ” ಎಂದರೆ ಎಷ್ಟು ಜನರಲ್ಲಿ ಎಂದು ಕೇಳಿ. 60 ಜನರ ತರಗತಿಯಲ್ಲಿ ಸಂದರ್ಶನಕ್ಕೆ ಬಿಟ್ಟದ್ದು ಹತ್ತೇ ಜನರನ್ನಾದರೆ, ಆ ಹತ್ತೂ ಜನಕ್ಕೆ ಕೆಲಸ ಸಿಕ್ಕರೂ “ಶೇಕಡಾ 100” ಎನ್ನಬಹುದು! ಅತಿ ಹೆಚ್ಚು ಸಂಬಳವನ್ನಲ್ಲ, ನಡುವಿನ ವಿದ್ಯಾರ್ಥಿಯ ಸಂಬಳವನ್ನು ಕೇಳಿ. ರಾಷ್ಟ್ರೀಯ ರ‍್ಯಾಂಕಿಂಗಿಗೆ ಸಂಸ್ಥೆಗಳು ಕೊಡುವ ಮಾಹಿತಿಯಲ್ಲಿ ಈ ಅಂಕಿ ಇರುತ್ತದೆ, ಅದನ್ನು ಯಾರೂ ನೋಡಬಹುದು. ಪದವಿ ಕೊಡುವ ಅಧಿಕಾರ ಆ ಸಂಸ್ಥೆಗೆ ಅಥವಾ ಅದು ಸೇರಿದ ವಿಶ್ವವಿದ್ಯಾಲಯಕ್ಕೆ ಇದೆಯೇ ಎಂದೂ ನೋಡಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯು.ಜಿ.ಸಿ. ಪ್ರಕಟಿಸುತ್ತದೆ.

ಮಿತ್ರರೇ, ನಿಮ್ಮ ಹಾಳೆಯ ಕೆಳಗೆ ಐದು ಪ್ರಶ್ನೆಗಳನ್ನು ಬರೆದುಕೊಳ್ಳಿ. ನನ್ನ ಸೀಟಿಗೆ ಎಲ್ಲ ಸೇರಿ ವರ್ಷಕ್ಕೆ ಎಷ್ಟು? ಮುಂದಿನ ವರ್ಷಗಳಲ್ಲಿ ಅದು ಏರುತ್ತದೆಯೇ? ಯಾವ ಠೇವಣಿ ಮರಳಿ ಬರುತ್ತದೆ? ಬಿಟ್ಟರೆ ಎಷ್ಟು ಸಿಗುತ್ತದೆ? ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಇದೆಯೇ? ಉತ್ತರಗಳನ್ನು ಬರಹದಲ್ಲಿ ಪಡೆಯಿರಿ. ಕೇಳುವಾಗ ನಾಚಿಕೆ ಬೇಡ. “ಒಟ್ಟ ಎಷ್ಟ ಆಗತೈತ್ರಿ ಸರ?” ಎಂದು ನಮ್ಮ ಮಾತಿನಲ್ಲೇ ಕೇಳಿದರೂ ಸಾಕು.

ಅಪ್ಪ ಈಗಿಲ್ಲ. ಊರಿನ ಮನೆಯ ಗೋಡೆಗೆ ಸುಣ್ಣ ಬಳಿದಾಗ ಅವನ ಲೆಕ್ಕಗಳೂ ಮುಚ್ಚಿಹೋದವು. ಇಂದು ರಾತ್ರಿ ನಿಮ್ಮ ಮನೆಯಲ್ಲಿ ಅಪ್ಪ, ಅವ್ವನ ಜೊತೆ ಕುಳಿತು ಈ ಹಾಳೆಯನ್ನು ತುಂಬಿ. ಹಣ ಕಟ್ಟುವುದು ಅದಾದ ಮೇಲೆ.