ಹೇಳಿಕೊಳ್ಳಲಾರದ ನೋವು

(ತಾಲ್ಲೂಕಿನ ಸ್ತ್ರೀಶಕ್ತಿ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಸಾಲ, ಉಳಿತಾಯ, ಬಡ್ಡಿಯ ಲೆಕ್ಕವೆಲ್ಲ ಮುಗಿಯಿತು. ಈಗ ಯಾವ ಪುಸ್ತಕದಲ್ಲೂ ಬರೆಯದ ಒಂದು ಲೆಕ್ಕದ ಬಗ್ಗೆ ಮಾತಾಡೋಣ. ಮೊದಲು ನನ್ನ ತಪ್ಪನ್ನೇ ಒಪ್ಪಿಕೊಂಡುಬಿಡುತ್ತೇನೆ.

ನಾನು ನರ್ಸ್ ಆಗಿದ್ದಾಗ ಒಬ್ಬ ಹುಡುಗಿ ಬಂದಳು. ಮದುವೆಯಾಗಿ ಎಂಟು ತಿಂಗಳು. ಗಂಡ ಹತ್ತಿರ ಬಂದರೆ ಮೈಯೆಲ್ಲ ಬಿಗಿಯುತ್ತದೆ, ಪ್ರಾಣ ಹೋಗುವಷ್ಟು ನೋವು, ಸೇರುವುದಕ್ಕೇ ಆಗುವುದಿಲ್ಲ ಅಂದಳು. "ಮೊದಮೊದಲು ಎಲ್ಲರಿಗೂ ಹಾಗೇ ಕಣಮ್ಮ, ಹಲ್ಲು ಕಚ್ಚಿಕೊಂಡು ಸಹಿಸಿಕೋ" ಅಂತ ಹೇಳಿ ಕಳಿಸಿದೆ. ಆರು ತಿಂಗಳಾದ ಮೇಲೆ ಮತ್ತೆ ನೋಡಿದಾಗ ಅವಳ ತೋಳಿನ ಮೇಲೆ ಬರೆ ಇತ್ತು. "ಇವಳು ಹೆಂಗಸೇ ಅಲ್ಲ, ಮೋಸ ಮಾಡಿ ಕಟ್ಟಿದ್ದೀರಿ" ಎಂದು ಅತ್ತೆ ಮನೆಯವರು ತವರಿಗೆ ಅಟ್ಟಿದ್ದರು. ಊರಿಗೆ ಹೇಳಿದ ಕಾರಣ ಬೇರೆ: ಒಪ್ಪಿಕೊಂಡಿದ್ದ ಸ್ಕೂಟರ್ ಕೊಡಲಿಲ್ಲವಂತೆ. ನಾವು ವರದಕ್ಷಿಣೆ ಕೇಸು ಎಂದು ಬರೆದುಕೊಂಡೆವು. ಅದೂ ಸುಳ್ಳಲ್ಲ. ಆದರೆ ಅದರ ಅಡಿಯಲ್ಲಿದ್ದ ಇನ್ನೊಂದು ಸಂಗತಿಯನ್ನು ಅರ್ಜಿಯಲ್ಲಿ ಬರೆಯಲು, ದಿನವೂ ಹೆರಿಗೆ ಮಾಡಿಸುತ್ತಿದ್ದ ನನಗೇ ನಾಚಿಕೆಯಾಯಿತು.

ಅವಳಿಗಿದ್ದದ್ದು ವೆಜೈನಿಸ್ಮಸ್ ಎಂಬ ತೊಂದರೆ. ಯೋನಿಯ ಸುತ್ತಲ ಸ್ನಾಯುಗಳು, ಮೂತ್ರ ಬಂದಾಗ ತಡೆದು ಹಿಡಿಯುತ್ತೇವಲ್ಲ ಅವೇ, ತಾವಾಗಿಯೇ ಬಿಗಿದುಕೊಳ್ಳುತ್ತವೆ. ಕಣ್ಣಿಗೇನೋ ಬೀಳುತ್ತದೆ ಅಂದರೆ ರೆಪ್ಪೆ ಮುಚ್ಚುವುದಿಲ್ಲವೇ, ಹಾಗೆ. ಅದು ಅವಳ ಹಟವಲ್ಲ. ಹೆದರಿಕೆ ಇರಬಹುದು, ಚಿಕ್ಕಂದಿನಲ್ಲಿ ಯಾರೋ ಮಾಡಿದ ಅನ್ಯಾಯ ಇರಬಹುದು, ಸೋಂಕು ಅಥವಾ ಹೆರಿಗೆಯ ಹೊಲಿಗೆಯ ನೋವಿರಬಹುದು. ಕೆಲವರಲ್ಲಿ ಕಾರಣ ಸಿಗುವುದೇ ಇಲ್ಲ.

ಇದಕ್ಕೆ ಒಂದು ಸಾಧನವಿದೆ. ಡೈಲೇಟರ್ ಅನ್ನುತ್ತಾರೆ. ನುಣುಪಾದ ಪ್ಲಾಸ್ಟಿಕ್ ಅಥವಾ ಸಿಲಿಕೋನಿನ ಕಡ್ಡಿಗಳು. ಮೊದಲನೆಯದು ಕಿರುಬೆರಳಿನಷ್ಟು, ಆಮೇಲೆ ಒಂದಕ್ಕಿಂತ ಒಂದು ದಪ್ಪ. ಬಾಗಿಲು ಹಾಕಿಕೊಂಡು, ನೀರಿನಂಶದ ಜೆಲ್ಲಿ ಹಚ್ಚಿ, ಉಸಿರನ್ನು ನಿಧಾನವಾಗಿ ಬಿಡುತ್ತಾ, ಅವಳೇ ತನ್ನ ಕೈಯಿಂದ ಒಳಗಿಟ್ಟುಕೊಳ್ಳಬೇಕು. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಅದು ಸಲೀಸಾದ ಮೇಲೆ ಮುಂದಿನದು. ವಾರಗಳು ಹಿಡಿಯಬಹುದು, ತಿಂಗಳುಗಳೂ ಹಿಡಿಯಬಹುದು, ಅವಸರವಿಲ್ಲ. ಕೊಳ್ಳಲು ದುಡ್ಡಿಲ್ಲದವರಿಗೆ ತಮ್ಮ ಬೆರಳಿನಿಂದಲೇ ಹೇಗೆ ಮಾಡಿಕೊಳ್ಳಬೇಕೆಂದು ಡಾಕ್ಟರಮ್ಮ ತೋರಿಸಿಕೊಡುತ್ತಾರೆ. ಮನೆಯಲ್ಲಿ ಸಿಕ್ಕ ಬಾಟಲಿ, ತರಕಾರಿ ಮಾತ್ರ ಬೇಡವೇ ಬೇಡ. ಸೋಂಕು ಇದ್ದಾಗ, ರಕ್ತ ಹೋಗುತ್ತಿದ್ದಾಗ, ಬಾಣಂತನದಲ್ಲಿ, ಡಾಕ್ಟರರನ್ನು ಕೇಳದೆ ಬಳಸಬಾರದು. ಸೋಪು ನೀರಿನಲ್ಲಿ ತೊಳೆದು ಒಣಗಿಸಿ ಇಟ್ಟುಕೊಳ್ಳಬೇಕು. ಹಾಂ, ಇದು ಸಂಘದ ಹಿಟ್ಟಿನ ಗಿರಣಿಯಲ್ಲ, ಹಂಚಿಕೊಂಡು ಬಳಸುವುದಕ್ಕೆ! ಒಬ್ಬರದು ಒಬ್ಬರಿಗೇ.

ಈ ತೊಂದರೆಗೆ 1860ರ ದಶಕದಲ್ಲಿ ಹೆಸರಿಟ್ಟವನು ಅಮೆರಿಕದ ಮೇರಿಯನ್ ಸಿಮ್ಸ್ ಎಂಬ ವೈದ್ಯ. ಅದಕ್ಕೆ ಮೊದಲು, 1840ರ ದಶಕದಲ್ಲಿ, ಗುಲಾಮರಾಗಿದ್ದ ಕಪ್ಪು ಹೆಂಗಸರ ಮೇಲೆ ಅರಿವಳಿಕೆ ಕೊಡದೆ ಮತ್ತೆ ಮತ್ತೆ ಶಸ್ತ್ರಕ್ರಿಯೆ ಮಾಡಿ ಕಲಿತವನು ಅವನು. ನ್ಯೂಯಾರ್ಕಿನಲ್ಲಿದ್ದ ಅವನ ಪ್ರತಿಮೆಯನ್ನು 2018ರಲ್ಲಿ ತೆಗೆದರು. ನಮ್ಮ ಮೈಯ ಬಗೆಗಿನ ವಿದ್ಯೆ ಯಾರ ಮೈಯ ಮೇಲೆ ಬೆಳೆಯಿತು ಎಂಬುದು ಗೊತ್ತಿರಲಿ ಎಂದು ಹೇಳಿದೆ.

ವಯಸ್ಸಾದ ಅಕ್ಕಂದಿರು "ನಮಗ್ಯಾಕೆ ಇದು" ಅಂತ ನಗುತ್ತಿದ್ದೀರಿ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ನಮ್ಮ ಹೆಂಗಸರಲ್ಲಿ ಬಹಳ. ಅದಕ್ಕೆ ಕರೆಂಟು ಕೊಟ್ಟ ಮೇಲೆ, ಅಂದರೆ ವಿಕಿರಣ ಚಿಕಿತ್ಸೆ ಆದ ಮೇಲೆ, ಯೋನಿ ಒಳಗೊಳಗೇ ಅಂಟಿಕೊಂಡು ಕಿರಿದಾಗುತ್ತದೆ. ಆಗಲೂ ಇದೇ ಡೈಲೇಟರ್ ಬಳಸಲು ಹೇಳುತ್ತಾರೆ. ಗಂಡ ಸತ್ತವಳಿಗೂ ಬೇಕು, ಏಕೆಂದರೆ ಕ್ಯಾನ್ಸರ್ ಮರಳಿ ಬಂದಿದೆಯೇ ಎಂದು ಡಾಕ್ಟರು ಪರೀಕ್ಷೆ ಮಾಡಲು ದಾರಿ ಇರಬೇಕಲ್ಲ.

ಊಟದ ಹೊತ್ತಿನಲ್ಲಿ ಒಬ್ಬಾಕೆ ಪಿಸುಗುಟ್ಟಿ ಕೇಳಿದರು: ಬ್ಯಾಟರಿಯಿಂದ ನಡುಗುವ ಸಾಧನವೂ ಇದೆಯಂತಲ್ಲ, ಅದು ಕೆಟ್ಟದ್ದೇ? ಇದೆ. ವೈಬ್ರೇಟರ್. ಸುಖ ಬೇಕೆನ್ನುವ ಹೆಂಗಸು ಕೆಟ್ಟವಳು ಎಂದು ನಾನು ಒಪ್ಪುವುದಿಲ್ಲ. ನಮ್ಮ ಮೈಯಲ್ಲಿ ಚಂದ್ರನಾಡಿ ಎಂಬ ಅಂಗವಿದೆ. ಅದರ ಕೆಲಸವೇ ಸುಖ. ಅದರ ಬಹುಭಾಗ ಒಳಗೇ ಇದೆ ಎಂದು 1998ರಲ್ಲಿ ಆಸ್ಟ್ರೇಲಿಯಾದ ಶಸ್ತ್ರವೈದ್ಯೆ ಹೆಲೆನ್ ಒಕಾನೆಲ್ ವಿವರವಾಗಿ ತೋರಿಸಿಕೊಟ್ಟರು. ಅಷ್ಟು ತಡವಾಗಿ! ಗಂಡಸರ ಅಂಗದ ಬಗ್ಗೆ ಇಷ್ಟು ಕಾಯುತ್ತಿದ್ದರೇ?

ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕುಡಿದು ಬಂದು ಮೇಲೆ ಬೀಳುವ ಗಂಡನಿಗೆ ನಮ್ಮನ್ನು ಹದಮಾಡಿಕೊಡುವ ಸಾಧನ ಇದಲ್ಲ. ಅವನಿಗೆ ಹೆದರಿ ಮೈ ಬಿಗಿಯುತ್ತಿದ್ದರೆ ಮೈ ಸರಿಯಾಗಿಯೇ ಇದೆ, ಕೆಟ್ಟಿರುವುದು ಬೇರೆ. ಗಂಡನಾಗಲಿ ಅತ್ತೆಯಾಗಲಿ "ಹಾಕಿಕೋ" ಎಂದು ಬಲವಂತ ಮಾಡಿದರೆ ಅದೂ ಹಿಂಸೆಯೇ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಹೊಡೆತ, ಬೈಗುಳದ ಜೊತೆಗೆ ಲೈಂಗಿಕ ಹಿಂಸೆಯನ್ನೂ ಸೇರಿಸಿದ್ದಾರೆ. ಹದಿನೆಂಟು ದಾಟಿದ ಹೆಂಡತಿಯ ಮೇಲೆ ಗಂಡ ನಡೆಸುವ ಬಲಾತ್ಕಾರವನ್ನು ಮಾತ್ರ, 2024ರ ಜುಲೈ 1ರಂದು ಬಂದ ಹೊಸ ಭಾರತೀಯ ನ್ಯಾಯ ಸಂಹಿತೆಯೂ ಅತ್ಯಾಚಾರ ಎಂದು ಕರೆದಿಲ್ಲ. ಆ ಜಗಳ ಇನ್ನೂ ಬಾಕಿ. ಅಲ್ಲಿಯವರೆಗೆ ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿಗೆ ಅರ್ಜಿ ಕೊಡಿ, 181ಕ್ಕೆ ಫೋನ್ ಮಾಡಿ. ಅರ್ಜಿಯಲ್ಲಿ ಸ್ಕೂಟರ್ ಒಂದನ್ನೇ ಬರೆಯಬೇಡಿ, ಇದನ್ನೂ ಬರೆಯಿರಿ.

ಆ ಹುಡುಗಿ ಗಂಡನ ಮನೆಗೆ ಮರಳಲಿಲ್ಲ. ಆದರೂ ಚಿಕಿತ್ಸೆ ತೆಗೆದುಕೊಂಡಳು. "ಇನ್ನು ಯಾರಿಗೋಸ್ಕರ?" ಎಂದು ಅವಳ ತಾಯಿ ಕೇಳಿದ್ದಕ್ಕೆ "ನನಗೇ ಅವ್ವಾ" ಅಂದಳು.

ಚೀಲದಲ್ಲಿ ಒಂದು ಸೆಟ್ ತಂದಿದ್ದೇನೆ, ತೋರಿಸುವುದಕ್ಕಷ್ಟೇ ಇಟ್ಟಿರುವುದು. ಹಿಂದೆ ಕೂತಿರುವವರು ಆ ಬಾಗಿಲು ಹಾಕಿ. ಒಬ್ಬೊಬ್ಬರಾಗಿ ಕೈಯಲ್ಲಿ ಹಿಡಿದು ನೋಡಿ ಮುಂದಿನವರಿಗೆ ಕೊಡಿ. ನಗು ಬಂದರೆ ನಕ್ಕುಬಿಡಿ.