ಏಣಿಯ ಬಾಳು

ಆಟಗಾರನ ಯೋಗ್ಯತೆಯನ್ನು ಅವನು ನಿಂತ ಎತ್ತರದಿಂದಲೇ ಅಳೆಯಬೇಕೆ? ಜರ್ಮನಿಯ ಫುಟ್‌ಬಾಲ್ ಆಟಗಾರ ಸಿಮೋನ್ ಟೆರೊಡೆಯನ್ನು ನೆನೆದಾಗಲೆಲ್ಲ ನನ್ನಲ್ಲಿ ಈ ಪ್ರಶ್ನೆ ಏಳುತ್ತದೆ.

ಅಲ್ಲಿಯ ಎರಡನೆಯ ದರ್ಜೆಯ ಲೀಗಿನಲ್ಲಿ ಡೀಟರ್ ಶಾಟ್ಸ್‌ಶ್ನೈಡರ್ ಹೊಡೆದಿದ್ದ 153 ಗೋಲುಗಳ ದಾಖಲೆ ದಶಕಗಳ ಕಾಲ ಅಚಲವಾಗಿತ್ತು. 2021ರಲ್ಲಿ ಟೆರೊಡೆ ಅದನ್ನು ಮೀರಿದ. ಅವನ ಗೋಲುಗಳ ಬಲದಿಂದ 2017ರಲ್ಲಿ ಸ್ಟುಟ್‌ಗಾರ್ಟ್, 2019ರಲ್ಲಿ ಕೋಲ್ನ್, 2022ರಲ್ಲಿ ಷಾಲ್ಕೆ ತಂಡಗಳು ಮೊದಲ ದರ್ಜೆಗೆ ಏರಿದವು. ಆ ಕೊನೆಯ ಸಲ ಒಂದೇ ಋತುವಿನಲ್ಲಿ ಅವನು ಹೊಡೆದದ್ದು 30 ಗೋಲು. ಆದರೆ ತಂಡದೊಡನೆ ತಾನೂ ಮೇಲೇರಿದಾಗ ಅಲ್ಲಿ ಗೋಲುಗಳು ಅವನಿಗೆ ಒಲಿದದ್ದು ವಿರಳ. ಮತ್ತೆ ಕೆಳಗಿಳಿದ; ಮತ್ತೊಂದು ತಂಡವನ್ನು ಎತ್ತಿದ. 2024ರಲ್ಲಿ ಆಟಕ್ಕೆ ವಿದಾಯ ಹೇಳಿದ.

ಇದನ್ನು ಸೋಲೆನ್ನಲು ನನ್ನ ಮನಸ್ಸು ಒಪ್ಪದು. ಮಾಳಿಗೆ ಸೇರಿದವರು ಏಣಿಯನ್ನು ಮರೆತಾರು. ಏಣಿಯಿಲ್ಲದೆ ಅವರಿಗೆ ಮಾಳಿಗೆಯೆಲ್ಲಿತ್ತು?